ಇದು ಯಾಕೆ ರಾತ್ರಿನೇ ಕೂಗುತ್ತೆ?

ಪಕ್ಕದ ಮನೆಯ ಹುಡುಗನಿಗೆ ಏಳು ವರ್ಷ. ಹೋದ ವಾರ ಸ್ಕೂಲ್ ಬಸ್ಸಿಗೆ ಕಾಯುತ್ತ ನಿಂತವನು ಜಾಕೆಟ್ಟಿನ ಟೋಪಿಯೊಳಗಿಂದ ಮೂಗು ಮಾತ್ರ ಹೊರಗೆ ಹಾಕಿ ಕೇಳಿದ: "ಆಂಟಿ, ನಮ್ಮನೆ ಸ್ಮೋಕ್ ಅಲಾರಂ ಯಾಕೆ ಯಾವಾಗ್ಲೂ ರಾತ್ರಿನೇ ಕೂಗುತ್ತೆ? ತಾತಂದು ಫೋನೂ ರಾತ್ರಿನೇ ಬಂತು."

ಅಷ್ಟರಲ್ಲಿ ಬಸ್ಸು ಬಂತು, ಹತ್ತಿ ಹೋದ. ತಾತಂದು ಫೋನು ಅಂದರೆ ತಾತ ಮಾಡಿದ್ದಲ್ಲ, ತಾತನ ವಿಷಯ ಹೇಳೋಕೆ ಬಂದದ್ದು. ನವೆಂಬರಿನಲ್ಲಿ, ಮಂಡ್ಯದ ಕಡೆಯ ಒಂದು ಹಳ್ಳಿಯಿಂದ.

ಮೊದಲನೆಯ ಪ್ರಶ್ನೆಗೆ ಉತ್ತರ ಇದೆ, ಅದೂ ಕರಾರುವಾಕ್ಕಾಗಿ ಇದೆ. ಸ್ಮೋಕ್ ಅಲಾರಂ ಅಂದರೆ ಹೊಗೆ ಎದ್ದರೆ ಕೂಗುವ, ಸೀಲಿಂಗಿಗೆ ಹಾಕಿದ ಪುಟ್ಟ ಯಂತ್ರ; ಬ್ಯಾಟರಿ ಮುಗಿಯುತ್ತ ಬಂದರೂ ಕೂಗಿ ಹೇಳುತ್ತದೆ. ಆಲ್ಕಲೈನ್ ಬ್ಯಾಟರಿ ತಣ್ಣಗಾದಷ್ಟೂ ಅದರ ಒಳಗಿನ ರೋಧ ಹೆಚ್ಚುತ್ತದೆ, ಹೊರಗೆ ಸಿಗುವ ವೋಲ್ಟೇಜು ಇಳಿಯುತ್ತದೆ. ನಾವಿರುವ ಶಿಕಾಗೊ ಸುತ್ತಮುತ್ತ ಜನವರಿಯಲ್ಲಿ ಹೊರಗೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋಗುವ ರಾತ್ರಿಗಳಿರುತ್ತವೆ. ಒಳಗೆ ನಾವು ಗ್ಯಾಸ್ ಬಿಲ್ಲಿಗೆ ಹೆದರಿ ಥರ್ಮೋಸ್ಟಾಟನ್ನು ಮಲಗುವಾಗ 68 ಫ್ಯಾರನ್‌ಹೀಟಿನಿಂದ 62ಕ್ಕೆ (ಸೆಲ್ಸಿಯಸ್ಸಿನಲ್ಲಿ 20ರಿಂದ ಸುಮಾರು 17ಕ್ಕೆ) ಇಳಿಸುತ್ತೇವೆ. ಮನೆ ಅತಿ ತಣ್ಣಗಿರುವುದು ಬೆಳಗಿನ ಜಾವ ಮೂರರಿಂದ ಐದು ಗಂಟೆಯೊಳಗೆ. ಅಟ್ಟದ ಕೆಳಗಿನ ಸೀಲಿಂಗು ಇನ್ನೂ ತಣ್ಣಗೆ. ಸಾಯುವ ಹಂತದ ಬ್ಯಾಟರಿಯ ವೋಲ್ಟೇಜು ಆಗ ಎಚ್ಚರಿಕೆಯ ಗೆರೆಗಿಂತ ಒಂದು ಕೂದಲೆಳೆ ಕೆಳಗಿಳಿಯುತ್ತದೆ, 'ಕೀಚ್' ಎನ್ನುತ್ತದೆ. ಏಳು ಗಂಟೆಗೆ ಫರ್ನೇಸ್ ಜೋರಾಗಿ ಓಡಿ ಮನೆ ಬೆಚ್ಚಗಾದರೆ ಕೂಗು ನಿಲ್ಲುತ್ತದೆ. ಸರಿಹೋಯಿತು ಅಂದುಕೊಂಡು ಮರೆಯುತ್ತೇವೆ. ಮರುದಿನ ರಾತ್ರಿ ಮತ್ತೆ ಕೀಚ್.

ಎಲ್ಲಿಂದ ಕೂಗುತ್ತಿದೆ ಎಂದು ಹಿಡಿಯುವುದು ಇನ್ನೊಂದು ಕರ್ಮ. ಮೂರು ಅಂತಸ್ತಿನ ಟೌನ್‌ಹೌಸ್ ಎಂದರೆ ಮಲಗುವ ಕೋಣೆಗೊಂದು, ಮಹಡಿಗೊಂದು, ಬೇಸ್‌ಮೆಂಟಿಗೊಂದು ಎಂದು ಆರೇಳು ಅಲಾರಂ. ಕೂಗು ತುಂಬ ಕೀರಲು, ಕ್ಷಣಾರ್ಧದ್ದು, ಅದೂ 30ರಿಂದ 60 ಸೆಕೆಂಡಿಗೊಮ್ಮೆ. ಅಂಥ ಚಿಕ್ಕ ಕೀರಲು ಸದ್ದಿನ ದಿಕ್ಕು ನಮ್ಮ ಕಿವಿಗೆ ಸುಲಭಕ್ಕೆ ಸಿಗುವುದಿಲ್ಲ, ಗೋಡೆಗೆ ಬಡಿದು ಎಲ್ಲ ಕಡೆಯಿಂದಲೂ ಬಂದಂತೆ ಕೇಳುತ್ತದೆ. ಓಡಾಡಬೇಡಿ. ಒಂದೊಂದರ ಕೆಳಗೂ ಪೂರ್ತಿ ಒಂದು ನಿಮಿಷ ಸುಮ್ಮನೆ ನಿಲ್ಲಿ. ಎಲ್ಲದರ ಕೆಳಗೂ ನಿಂತು ಸೋತಿರಾದರೆ, ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿರುವ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹಿಡಿಯುವ ಅಲಾರಂ ನೋಡಿ. ಇಲಿನಾಯ್ ಕಾನೂನಿನ ಪ್ರಕಾರ ಮಲಗುವ ಕೋಣೆಯ 15 ಅಡಿಯೊಳಗೆ ಅದೊಂದು ಇರಲೇಬೇಕು, ಆಯಸ್ಸು ಮುಗಿದಾಗ ಅದೂ ಕೀಚ್ ಎನ್ನುತ್ತದೆ. ಅಲ್ಲೂ ಇಲ್ಲವೆಂದರೆ, ಹಿಂದೆ ಬಿಚ್ಚಿ ಬೀರುವಿನೊಳಗೆ ಎಸೆದ ಹಳೆಯ ಅಲಾರಂ. ನಗಬೇಡಿ, ಎಷ್ಟೋ ಮನೆಗಳಲ್ಲಿ ಕಳ್ಳ ಸಿಕ್ಕಿರುವುದು ಅಲ್ಲೇ.

ಸಿಕ್ಕಿತು ಅನ್ನಿ. ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸಿದರೆ ತಟ್ಟೆಯಿಂದ ಕಳಚಿಕೊಳ್ಳುತ್ತದೆ. ಹಿಂದೆ ವೈರು ಇದ್ದರೆ ಅದರ ಪ್ಲಗ್ಗಿನ ಎರಡೂ ಕಿವಿ ಒತ್ತಿ ಎಳೆಯಿರಿ. ಬ್ಯಾಟರಿ ತೆಗೆದ ಮೇಲೆ ಟೆಸ್ಟ್ ಗುಂಡಿಯನ್ನು 15-20 ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ಅಷ್ಟಿಷ್ಟು ವಿದ್ಯುತ್ತು ಖಾಲಿಯಾಗದಿದ್ದರೆ ಹೊಸ ಬ್ಯಾಟರಿ ಹಾಕಿದ ಮೇಲೂ ಹಳೆಯ ಕೂಗನ್ನೇ ಮುಂದುವರಿಸುತ್ತದೆ. ಎಲ್ಲರೂ ಎಡವುವುದು ಇಲ್ಲೇ: "ಬ್ಯಾಟರಿ ಹೊಸದು, ಆದರೂ ಕೂಗ್ತಿದೆ, ಮೆಷೀನೇ ಹಾಳು." ಡ್ರಾಯರಿನಲ್ಲಿ ನಾಲ್ಕು ವರ್ಷ ಮಲಗಿದ್ದ 9 ವೋಲ್ಟ್ ಹೊಸದಲ್ಲ. ರೀಚಾರ್ಜ್ ಮಾಡುವಂಥದ್ದನ್ನು ಹಾಕಲೇಬಾರದು, 9 ಎಂದು ಹೆಸರಿದ್ದರೂ ಹಲವದರ ನಿಜವಾದ ವೋಲ್ಟೇಜು 8.4. ವೈರಿಂಗ್ ಇರುವ ಅಲಾರಮ್ಮಿನಿಂದ ಬ್ಯಾಟರಿ ಮಾತ್ರ ಕಿತ್ತು ಮಲಗುವ ಜಾಣರಿದ್ದಾರೆ. ಅದು ಬ್ಯಾಟರಿ ಇಲ್ಲವೆಂದೇ ಕೂಗುತ್ತಿರುತ್ತದೆ. ಹಿಂಬದಿಯಲ್ಲಿ ತಯಾರಾದ ದಿನಾಂಕ ಇರುತ್ತದೆ, 10 ವರ್ಷ ದಾಟಿದ್ದರೆ ಬ್ಯಾಟರಿಯಲ್ಲ, ಇಡೀ ಅಲಾರಮ್ಮನ್ನೇ ಬದಲಿಸಬೇಕು. ವಿಕಿರಣದಿಂದ ಹೊಗೆ ಹಿಡಿಯುವ ಅಯಾನಿಕ್ ಬಗೆಯದರಲ್ಲಿ ಅಮೆರೀಷಿಯಂ-241 ಎಂಬ ವಿಕಿರಣಶೀಲ ಲೋಹ ಚೂರು ಇರುತ್ತದೆ, ಅದರ ಅರ್ಧಾಯುಷ್ಯ 432 ವರ್ಷ. ಅದು ಇದ್ದೇ ಇರುತ್ತದೆ. ಕೈಕೊಡುವುದು ಅದರ ಸುತ್ತಲಿನ ಧೂಳು ಕೂತ ಡಬ್ಬಿ, ಹಳತಾದ ಸರ್ಕಿಟ್ಟು.

ಒಗ್ಗರಣೆಯ ಮಾತು ಬೇರೆ. ಅದಕ್ಕೆ ಕೀಚ್ ಅಲ್ಲ, ಪೂರ್ತಿ ಬೊಬ್ಬೆ, ಒಂದು ಕೂಗಿದರೆ ತಂತಿಯಲ್ಲಿ ಕೂಡಿದ ಎಲ್ಲವೂ ಕೂಗುತ್ತವೆ. ಬ್ಯಾಡಗಿ ಮೆಣಸಿನಕಾಯಿಯ ಘಾಟಿಗೆ ಅಲಾರಂ ಕೂಗುತ್ತದೆ ಎನ್ನುವುದು ನಮ್ಮವರ ನಂಬಿಕೆ. ಘಾಟಿಗೆ ಕೆಮ್ಮುವುದು ನಾವು. ಅದು ಕೂಗುವುದು ಕಾದ ಎಣ್ಣೆಯಿಂದ ಏಳುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿಗೆ. ಅಯಾನಿಕ್ ಬಗೆಯದು ಅವಕ್ಕೆ ಬೇಗ ಬೆಚ್ಚುತ್ತದೆ, ಬೆಳಕಿನ ಕಿರಣದಿಂದ ಹೊಗೆ ಹಿಡಿಯುವ ಫೋಟೋಎಲೆಕ್ಟ್ರಿಕ್ ಅಷ್ಟು ಬೆಚ್ಚುವುದಿಲ್ಲ. ಹಾಗಾಗಿ ಅಡುಗೆಮನೆಯ ಹತ್ತಿರ ಎರಡನೆಯದು, ಒಲೆಯಿಂದ ಕನಿಷ್ಠ 10 ಅಡಿ ದೂರ. ಒಲೆಯ ಮೇಲಿನ ಹುಡ್ ಹೊಗೆಯನ್ನು ಹೊರಗೆ ತಳ್ಳುತ್ತದೆಯೋ ಅಥವಾ ಜಾಲರಿಯಲ್ಲಿ ಸೋಸಿ ನಿಮ್ಮ ಮುಖಕ್ಕೇ ಊದುತ್ತದೆಯೋ ಕೈಯಿಟ್ಟು ನೋಡಿ. ಮುಚ್ಚಿದ ಮನೆ ಇದು. ಊರಿನ ಅಡುಗೆಮನೆಯ ಹೆಂಚಿನ ಸಂದಿಯಿಂದಲೇ ಹೊಗೆ ಹೋಗುತ್ತಿತ್ತು, ಅಲಾರಂ ಯಾಕೆ ಬೇಕಿತ್ತು? ಬೇಕಿತ್ತು ಅನ್ನಿಸುವುದೂ ಉಂಟು: ಸೌದೆ ಒಲೆಯ ಮುಂದೆ ಕೂತು ಊದುಕೊಳವೆ ಊದುತ್ತ ಕಣ್ಣು ಕೆಡಿಸಿಕೊಂಡ ಅಜ್ಜಿಯರಿಗಾಗಿ ಅಲ್ಲಿ ಯಾವುದೂ ಕೂಗಲಿಲ್ಲ.

ಎರಡನೆಯ ಪ್ರಶ್ನೆಗೆ ಬರೋಣ. ಫೋನು ಯಾಕೆ ರಾತ್ರಿನೇ ಬರುತ್ತೆ?

ಅದಕ್ಕೂ ಲೆಕ್ಕವಿದೆ. ಚಳಿಗಾಲದಲ್ಲಿ ಶಿಕಾಗೊಗೂ ನಮ್ಮೂರಿಗೂ ಹನ್ನೊಂದೂವರೆ ಗಂಟೆ ಅಂತರ, ಬೇಸಿಗೆಯಲ್ಲಿ ಹತ್ತೂವರೆ. ನಮ್ಮ ಮೂರು ಗಂಟೆಯ ಜಾವ ಅಲ್ಲಿ ಮಧ್ಯಾಹ್ನ ಎರಡೂವರೆ. ಬೆಳಿಗ್ಗೆ ಡಾಕ್ಟರು ರೌಂಡ್ಸ್ ಮುಗಿಸಿ ಮನೆಯವರನ್ನು ಪಕ್ಕಕ್ಕೆ ಕರೆದು ಮಾತಾಡುತ್ತಾರೆ, ಅಣ್ಣ ಬೆಂಗಳೂರಿನಿಂದ ಬರಬೇಕು, ಭಾವನಿಗೆ ತಿಳಿಸಬೇಕು, ಯಾರು ಹೇಳುವುದು ಎಂದು ತೀರ್ಮಾನವಾಗಬೇಕು. ಅಷ್ಟಾಗುವ ಹೊತ್ತಿಗೆ ನಮ್ಮಲ್ಲಿ ಸರಿರಾತ್ರಿ ದಾಟಿರುತ್ತದೆ. ಹೇಳುವವರೂ ನೇರವಾಗಿ ಹೇಳುವುದಿಲ್ಲ. "ಸ್ವಲ್ಪ ಸೀರಿಯಸ್ಸು ಕಣಪ್ಪ, ಬಂದ್ಬುಡು." ಹೊರನಾಡಿನಲ್ಲಿ ನಾಲ್ಕು ವರ್ಷ ಕಳೆದ ಯಾರಿಗೂ ಈ 'ಸೀರಿಯಸ್' ಪದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೋ ಸಲ ಫೋನು ಮಗನಿಗೂ ಬರುವುದಿಲ್ಲ, ಸೊಸೆಗೆ ಬರುತ್ತದೆ: "ಅವ್ನಿಗೆ ನೀನೇ ನಿಧಾನಕ್ಕೆ ಹೇಳವ್ವ."

ಊರಿನವರ ಮೇಲೆ ನನ್ನ ತಕರಾರು ಈ ರಾತ್ರಿಯ ಫೋನಿನ ಬಗ್ಗೆ ಅಲ್ಲ. ಪಕ್ಕದ ಮನೆಯವರಿಗೆ ಶುಕ್ರವಾರ ಜಾವ ಮೂರಕ್ಕೇ ಫೋನು ಮಾಡಿದ್ದು ಒಳ್ಳೆಯದೇ ಆಯಿತು. ಬೆಳಗಾಗಲಿ ಎಂದು ಬಿಟ್ಟಿದ್ದರೆ ವಿಮಾನವೇನೂ ತಪ್ಪುತ್ತಿರಲಿಲ್ಲ, ಇಲ್ಲಿಂದ ಯುರೋಪಿನ ಕಡೆ ಹೋಗುವವು ಹೆಚ್ಚಾಗಿ ಹೊರಡುವುದು ಮಧ್ಯಾಹ್ನದ ಮೇಲೆ. ತಪ್ಪುತ್ತಿದ್ದದ್ದು ಮಣ್ಣು. ಸಂಜೆ ಹೊತ್ತು ಮುಳುಗುವ ಮುಂಚೆ ತೋಟದಲ್ಲೇ ಮಣ್ಣು ಮಾಡಿದರು, ಅಂದರೆ ಇಲ್ಲಿ ಬೆಳಿಗ್ಗೆ ಆರು. ಇವರು ಬೇಸ್‌ಮೆಂಟಿನಲ್ಲಿ ಕೂತು ವಾಟ್ಸಾಪಿನಲ್ಲಿ ನೋಡಿದರು. ಫೋನು ಹಿಡಿದಿದ್ದ ತಮ್ಮನ ಮಗ ಗುಂಪಿನಲ್ಲಿ ನೂಕಿಸಿಕೊಂಡು, ಬಹಳ ಹೊತ್ತು ಕಂಡದ್ದು ಯಾರದೋ ಹೆಗಲ ಮೇಲಿನ ಟವೆಲ್ಲು, ಒಂದು ತೆಂಗಿನ ಗರಿ. ಫ್ರೀಜರ್ ಪೆಟ್ಟಿಗೆ ತರಿಸಿ ಕಾಯೋಣವೇ ಎಂದು ಅಣ್ಣ ಕೇಳಿದ್ದರಂತೆ. ಇವರೇ ಬೇಡವೆಂದರು: ಸಂಜೆಯ ವಿಮಾನ, ನಡುವೆ ಒಂದು ಕಡೆ ಇಳಿದು ಹತ್ತಿ, ಕೆಂಪೇಗೌಡ ನಿಲ್ದಾಣದಿಂದ ಊರಿಗೆ ಇನ್ನೂ ಮೂರು ಗಂಟೆ, ಭಾನುವಾರ ಬೆಳಗಾಗುತ್ತಿತ್ತು. ಹಾಗೇ ಆಯಿತು. ಮಣ್ಣಿಗೆ ಸಿಕ್ಕಲಿಲ್ಲ, ಹಾಲುತುಪ್ಪಕ್ಕೆ ಸಿಕ್ಕಿದರು.

ತಕರಾರು ಇರುವುದು ಅದರ ಹಿಂದಿನ ನಾಲ್ಕು ದಿನದ ಬಗ್ಗೆ. ಸೋಮವಾರವೇ ಆಸ್ಪತ್ರೆಗೆ ಸೇರಿಸಿದ್ದರು. ಫೋನಿನಲ್ಲಿ ಹೇಳಿದ್ದು, "ಸ್ವಲ್ಪ ಸುಸ್ತಾಗಿತ್ತು, ಡ್ರಿಪ್ಸ್ ಹಾಕ್ಸಿದೀವಿ, ನೀನು ಗಾಬ್ರಿ ಬೀಳ್ಬ್ಯಾಡ." ಸೋಮವಾರ ಸರಿಯಾಗಿ ಹೇಳಿದ್ದರೆ ಬುಧವಾರ ರಾತ್ರಿಯ ಹೊತ್ತಿಗೆ ಹಾಸಿಗೆಯ ಪಕ್ಕ ಇರಬಹುದಿತ್ತು. ಪ್ರೀತಿಯಿಂದಲೇ ಮುಚ್ಚಿಡುತ್ತಾರೆ, ಗೊತ್ತು. ನಾವೂ ಸಾಚಾಗಳಲ್ಲ, ಕೆಲಸ ಹೋಗಿ ಮೂರು ತಿಂಗಳಾದರೂ "ಆಫೀಸಲ್ಲಿ ತುಂಬ ಕೆಲ್ಸ" ಎನ್ನುವವರು ಇಲ್ಲಿ ಬೀದಿಗೊಬ್ಬರಿದ್ದಾರೆ. ಆದರೆ ಬ್ಯಾಟರಿಗಿರುವ ನಿಯತ್ತು ನಮಗಿಲ್ಲ. ಅದು ಪೂರ್ತಿ ಸಾಯುವ ಎಷ್ಟೋ ದಿನ ಮುಂಚೆಯೇ ಹೇಳುತ್ತದೆ.

ಅಲಾರಮ್ಮಿನ ಬೆನ್ನು ತಿರುಗಿಸಿ ದಿನಾಂಕ ನೋಡಿದ ಹಾಗೆ, ಆ ರಾತ್ರಿಗಿಂತ ಮುಂಚೆ ನೋಡಿಡಬೇಕಾದ ದಿನಾಂಕಗಳು ಬೇರೆಯೂ ಇವೆ. ಎಚ್-1ಬಿ ಉದ್ಯೋಗ ವೀಸಾ ಇದ್ದವರ ಪಾಸ್‌ಪೋರ್ಟಿನ ವೀಸಾ ಮುದ್ರೆ ಮುಗಿದಿದ್ದರೂ ಇಲ್ಲಿ ಇರಲು ಅಡ್ಡಿಯಿಲ್ಲ, ಐ-797 (ಮಂಜೂರಾತಿ ಪತ್ರ) ಮತ್ತು ಐ-94 (ದೇಶದೊಳಗೆ ಬಂದ ದಾಖಲೆ) ಚಾಲ್ತಿಯಲ್ಲಿದ್ದರೆ ಸಾಕು. ಊರಿಗೆ ಹೋದರೆ ಮಾತ್ರ, ವಾಪಸು ಬರಲು ಹೊಸ ಮುದ್ರೆ ಬೇಕು. 2025ರ ಸೆಪ್ಟೆಂಬರ್ 2ರಿಂದ ಸಂದರ್ಶನವಿಲ್ಲದ ಡ್ರಾಪ್‌ಬಾಕ್ಸ್ ಸೌಲಭ್ಯ ಬಹುಪಾಲು ಜನರಿಗೆ ಹೋಯಿತು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗಲೂ ವೀಸಾ ಕೆಲಸ ಅಲ್ಲಿ ಶುರುವಾಗಲಿಲ್ಲ. ಹೀಗಾಗಿ ಅಪ್ಪನನ್ನು ಕಳೆದುಕೊಂಡ ಮನುಷ್ಯ ತಿಥಿಯ ಮಧ್ಯೆ ಲ್ಯಾಪ್‌ಟಾಪ್ ತೆಗೆದು ಚೆನ್ನೈನಲ್ಲೋ ಹೈದರಾಬಾದಿನಲ್ಲೋ ಸ್ಲಾಟ್ ಹುಡುಕುತ್ತ ಕೂರುತ್ತಾನೆ. ಗ್ರೀನ್ ಕಾರ್ಡಿನ ಐ-485 ಅರ್ಜಿ ಬಾಕಿಯಿರುವವರು ಎಚ್-1ಬಿ, ಎಲ್-1ರಂಥ ಕೆಲವು ವೀಸಾಗಳಲ್ಲಿ ಇಲ್ಲದಿದ್ದರೆ, ಅಡ್ವಾನ್ಸ್ ಪರೋಲ್ ಎಂಬ ಮುಂಗಡ ಅನುಮತಿ ಇಲ್ಲದೆ ದೇಶ ಬಿಟ್ಟರೆ ಅರ್ಜಿಯನ್ನೇ ಕೈಬಿಟ್ಟಂತೆ.

ಮಕ್ಕಳದು ಇನ್ನೊಂದು ಗೋಳು. 16 ವರ್ಷದೊಳಗಿನವರ ಅಮೆರಿಕನ್ ಪಾಸ್‌ಪೋರ್ಟಿಗೆ ಐದೇ ವರ್ಷ ಆಯಸ್ಸು, ಹತ್ತಲ್ಲ. ಹೊಸದಕ್ಕೆ ಅಪ್ಪ ಅಮ್ಮ ಇಬ್ಬರೂ ಮಗುವಿನ ಜೊತೆ ಖುದ್ದು ಹೋಗಬೇಕು, ಬರಲಾಗದವರು ನೋಟರಿ ಎದುರು ಸಹಿ ಹಾಕಿದ ಡಿಎಸ್-3053 ಎಂಬ ಒಪ್ಪಿಗೆಯ ನಮೂನೆ ಕೊಡಬೇಕು. ಈ ಹುಡುಗನ ಪಾಸ್‌ಪೋರ್ಟು ಸೆಪ್ಟೆಂಬರಿನಲ್ಲೇ ಮುಗಿದಿತ್ತು. ಅಪ್ಪ ಹೊರಟ ದಿನ ಸಹಿಯ ನೆನಪು ಯಾರಿಗಿರುತ್ತದೆ? ತಾಯಿ ಮಗ ಇಲ್ಲೇ ಉಳಿದರು. ಹಾಗಾಗಿ ಅವನ ಪಾಲಿಗೆ ತಾತ ಹೋದದ್ದು ಅಂದರೆ ಒಂದು ಫೋನು, ಅಷ್ಟೇ. ಅದು ರಾತ್ರಿ ಬಂದಿತ್ತು.

ಫೋನಿನದೂ ಒಂದು ಮಾತು. ರಾತ್ರಿ ಸದ್ದು ಮಾಡಬೇಡ ಎಂದು ಫೋನಿಗೆ ಹೇಳಿಟ್ಟು ಮಲಗುವವರು, ಊರಿನ ಎರಡು ನಂಬರಿಗಾದರೂ ವಿನಾಯಿತಿ ಕೊಡಿ: ಅಪ್ಪ ಅಮ್ಮನದು ಒಂದು, ಅವರ ಮನೆಗೆ ಐದು ನಿಮಿಷದಲ್ಲಿ ಓಡಿ ಬರಬಲ್ಲವರದು ಒಂದು. ವಾಟ್ಸಾಪ್ ಕರೆ ಎಲ್ಲ ಫೋನಿನಲ್ಲೂ ಆ ತಡೆ ದಾಟಿ ಬರುತ್ತದೆಂದು ನಂಬಬೇಡಿ. ಆ ಇಬ್ಬರಲ್ಲಿ ಒಬ್ಬರ ಫೋನಿಗಾದರೂ ಮಾಮೂಲಿ ಐಎಸ್‌ಡಿ ಹಾಕಿಸಿಡಿ.

ಮಂಡ್ಯದ ಅಜ್ಜಿ ಈಗ ಒಂದು ಹೊಸ ಅಭ್ಯಾಸ ಮಾಡಿಕೊಂಡಿದ್ದಾರಂತೆ. ಮಾಮೂಲಾಗಿ ಫೋನು ಮಾಡುವುದು ಅಲ್ಲಿಯ ಬೆಳಿಗ್ಗೆ ಏಳೂವರೆಗೆ, ಇಲ್ಲಿ ರಾತ್ರಿ ಎಂಟು. ಹೊತ್ತಲ್ಲದ ಹೊತ್ತಿನಲ್ಲಿ ಮಾಡಿದರೆ ಹಲೋ ಅನ್ನುವುದಿಲ್ಲ. "ಏನಿಲ್ಲ ಕಣಪ್ಪ, ಎಲ್ಲ ಚೆನ್ನಾಗಿದೀವಿ" ಎಂದು ಶುರು ಮಾಡಿ, ಆಮೇಲೆ ಪಿಂಚಣಿಯದೋ ನಲ್ಲಿ ನೀರಿನದೋ ವಿಷಯ ತೆಗೆಯುತ್ತಾರೆ.

ಬಸ್ಸು ಹೋದ ಮೇಲೆ ಹುಡುಗನ ತಾಯಿ ಹಿಂದಿನ ರಾತ್ರಿಯದನ್ನು ಹೇಳಿದರು. ಮೂರೂ ಹತ್ತಕ್ಕೆ ಕೀಚ್ ಅಂದಿದೆ. ಗಂಡ ಎದ್ದು ಕೂತವರು ಮೊದಲು ತಡಕಾಡಿದ್ದು ಫೋನನ್ನು. ತೆರೆಯ ಮೇಲೆ ಏನೂ ಇಲ್ಲ. ಆದರೂ ಹಿಡಿದುಕೊಂಡೇ ಕೂತಿದ್ದರಂತೆ. ನಿಮಿಷದ ಮೇಲೆ ಎರಡನೇ ಕೀಚ್ ಬಂದಾಗಲೇ ಗೊತ್ತಾದದ್ದು. ಆ ಚಳಿಯಲ್ಲಿ ಗ್ಯಾರೇಜಿಗೆ ಹೋಗಿ ಏಣಿ ತಂದರು, ಹತ್ತಿದರು, ತಿರುಗಿಸಿ ಬಿಚ್ಚಿದರು.

"ಬೈಕೋತಾರೆ ಅಂದ್ಕೊಂಡಿದ್ದೆ," ಅಂದರು ಆಕೆ. "ಏಣಿ ಮೇಲೆ ನಿಂತು ನಗ್ತಿದ್ರು ಕಣ್ರೀ. ಬರೀ ಬ್ಯಾಟ್ರಿ ಕಣೇ, ಬರೀ ಬ್ಯಾಟ್ರಿ, ಅಂತ."