ಪಾಲಾಗದ ಮನೆ

14 ಸೆಪ್ಟೆಂಬರ್ 2025, ಭಾನುವಾರ ರಾತ್ರಿ

ಅಮ್ಮ ಮಲಗಿದ್ದಾಳೆ. ಮಧ್ಯಾಹ್ನ ಅವಳು ಕೇಳಿದ ಒಂದು ಪ್ರಶ್ನೆ ನನ್ನನ್ನು ಮಲಗಲು ಬಿಡುತ್ತಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದ ಫ್ರಾಂಕ್ಲಿನ್ ರಸ್ತೆಯಲ್ಲಿರುವ ಹಾಸ್-ಲಿಲಿಯೆಂಥಾಲ್ ಮನೆಯನ್ನು ತೋರಿಸಲು ಅವಳನ್ನು ಕರೆದೊಯ್ದಿದ್ದೆ. ಬವೇರಿಯಾದಿಂದ ವಲಸೆ ಬಂದು ಕಿರಾಣಿಯ ಸಗಟು ವ್ಯಾಪಾರದಲ್ಲಿ ಮುಂದೆ ಬಂದ ವಿಲಿಯಂ ಹಾಸ್ ತನ್ನ ಸಂಸಾರಕ್ಕೆಂದು 1886ರಲ್ಲಿ ಕಟ್ಟಿಸಿದ ಮನೆಯದು. ಮೂಲೆಯಲ್ಲಿ ದುಂಡನೆಯ ಗೋಪುರವಿದೆ. ಅದರ ಕಿಟಕಿಗಳು ಒಳಗೆ ನಿಂತವರ ಕೈಗೆಟುಕದಷ್ಟು ಎತ್ತರದಲ್ಲಿವೆ, ಬೀದಿಯವರು ನೋಡಲಿ ಎಂದಷ್ಟೇ ಇಟ್ಟವು. ಕೂತು ಹೊರಗೆ ನೋಡಲಾಗದ ಕಿಟಕಿ ಅಮ್ಮನಿಗೆ ಸರಿಕಾಣಲಿಲ್ಲ.

ಅವಳ ಕಣ್ಣೆಲ್ಲ ಮರದ ಮೇಲಿತ್ತು. ಮೆಟ್ಟಿಲ ಪಕ್ಕದ ಕೆತ್ತನೆಯನ್ನು ಮುಟ್ಟಬಾರದೆಂದು ತಿಳಿದು, ಒಂದು ಬೆರಳು ಅಂತರದಲ್ಲಿ ಅಂಗೈಯನ್ನು ಅದರ ಉದ್ದಕ್ಕೂ ಮೆಲ್ಲಗೆ ಸರಿಸುತ್ತಾ ಹತ್ತಿದಳು. ಮನೆಯನ್ನು ರೆಡ್‌ವುಡ್ ಮರದಿಂದ ಕಟ್ಟಿದ್ದಾರೆಂದಾಗ, "ಒರಲೆ ಹಿಡಿಯುವುದಿಲ್ಲವೇ?" ಎಂದು ಕೇಳಿದಳು. ಆ ಮರಕ್ಕೆ ಹುಳುವೂ ಕೊಳೆಯೂ ಸುಲಭಕ್ಕೆ ಹತ್ತುವುದಿಲ್ಲವೆಂದೆ. ಆದರೆ ಬೆಂಕಿ ಬಿಡುತ್ತಿರಲಿಲ್ಲ. 1906ರ ಏಪ್ರಿಲ್ 18ರ ಭೂಕಂಪದ ನಂತರ ಊರು ದಿನಗಟ್ಟಲೆ ಉರಿದಾಗ, ಒಂದೇ ಬೀದಿಯಾಚೆಯ ವ್ಯಾನ್ ನೆಸ್ ರಸ್ತೆಯ ಬಂಗಲೆಗಳನ್ನು ಸಿಡಿಮದ್ದಿಟ್ಟು ಉರುಳಿಸಿ ಬೆಂಕಿಯನ್ನು ತಡೆದರು. ಆ ಬೀದಿಯ ಮನೆಗಳು ಹೋದದ್ದರಿಂದ ಇದು ಉಳಿಯಿತೆಂದು ಕೇಳಿ ಅಮ್ಮ ತುಸು ಹೊತ್ತು ಮಾತಾಡಲಿಲ್ಲ.

ಹಾಸ್‌ನ ಮಗಳು ಆಲಿಸ್ ಇಲ್ಲಿಯೇ ಬೆಳೆದು, ಲಿಲಿಯೆಂಥಾಲ್ ಮನೆತನದ ಸೊಸೆಯಾಗಿ ಹೋಗಿ, ತಂದೆ ತೀರಿಕೊಂಡ ಮೇಲೆ ಗಂಡನೊಂದಿಗೆ ಮರಳಿ ಬಂದು, 1972ರಲ್ಲಿ ಸಾಯುವವರೆಗೂ ಇದೇ ಮನೆಯಲ್ಲಿದ್ದಳು. ಅವಳ ಕೊನೆಯ ದಶಕಗಳಲ್ಲಿ ಪಕ್ಕದ ವೆಸ್ಟರ್ನ್ ಅಡಿಷನ್ ಬಡಾವಣೆಯಲ್ಲಿ, ನಗರ ನವೀಕರಣದ ಹೆಸರಿನಲ್ಲಿ ಇಂಥವೇ ಹಳೆಯ ಮನೆಗಳನ್ನು ಸಾವಿರಗಟ್ಟಲೆ ಕೆಡವಿ, ಅಲ್ಲಿದ್ದ ಕಪ್ಪು ಜನರನ್ನು ಒಕ್ಕಲೆಬ್ಬಿಸಲಾಯಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಆಲಿಸ್‌ಳ ಕುಟುಂಬದವರು ಮಾತ್ರ ಮನೆಯನ್ನು ಮಾರದೆ, ಹಳೆಯ ಕಟ್ಟಡಗಳನ್ನು ಉಳಿಸಲು ಆಗಷ್ಟೇ ಹುಟ್ಟಿದ್ದ ಸಂಸ್ಥೆಯೊಂದಕ್ಕೆ ದಾನವಾಗಿ ಕೊಟ್ಟರು. ಮನೆಯವರು ಬಳಸಿದ ಮೇಜು ಕುರ್ಚಿಗಳು ಇಂದಿಗೂ ಆ ಕೋಣೆಗಳಲ್ಲಿವೆ.

ಇದನ್ನು ನಾನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅಮ್ಮ ಊಟದ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು: "ಪುಟ್ಟೀ, ಮಕ್ಕಳು ಪಾಲು ಕೇಳಲಿಲ್ಲವೇ?"

ನನ್ನಲ್ಲಿ ಉತ್ತರವಿರಲಿಲ್ಲ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಹಿಸ್ಸೆಯಾದ ದಿನ ಬಚ್ಚಲಿನ ಹಂಡೆ ಒಬ್ಬರಿಗೆ, ತೂಗುಮಂಚ ಒಬ್ಬರಿಗೆ ಹೋಯಿತು. ನಡುಮನೆಯ ಜೋಡಿ ಬಾಗಿಲಿನ ಒಂದು ಪಡಿ ಚಿಕ್ಕಪ್ಪನ ಹೊಸ ಮನೆ ಸೇರಿತು, ಇನ್ನೊಂದು ನಮ್ಮಲ್ಲೇ ಗೋಡೆಗೆ ಒರಗಿ ನಿಂತಿದೆ. ಅದನ್ನು ಅಮ್ಮ ಇಂದಿಗೂ ಪ್ರತಿ ಶುಕ್ರವಾರ ಒರೆಸುತ್ತಾಳೆ. ಅಲ್ಲಿ ಒಬ್ಬಳೇ ಇರುವುದು ಸಾಕು, ಮಾರಿ ಇಲ್ಲಿಗೆ ಬಂದುಬಿಡು ಎಂದು ಕಳೆದ ತಿಂಗಳಿಡೀ ನಾನು ಹೇಳಿದ್ದೇನೆ.

ರಾತ್ರಿ ಊಟಕ್ಕೆ ಕುಳಿತಾಗ ಅವಳು ದೀಪಾವಳಿಯೊಳಗೆ ಊರಿಗೆ ಹೋಗಬೇಕೆಂದಳು, ಹಂಚು ಕೈಯಾಡಿಸಬೇಕಂತೆ. ಟಿಕೆಟ್ ನೋಡುತ್ತೇನೆಂದೆ. ಚಿಕ್ಕಪ್ಪನಿಗೆ ಫೋನ್ ಮಾಡಿ ಆ ಇನ್ನೊಂದು ಪಡಿಯ ವಿಷಯ ಕೇಳಬಹುದೇ, ಅವರ ಮನೆಯಲ್ಲಿ ಅದನ್ನು ಯಾವುದಕ್ಕೆ ಕೂರಿಸಿದ್ದಾರೋ