17ಸಿ ನಕಲು ಮತ್ತು ರಾತ್ರಿಯ ಲೆಕ್ಕ

2023ರ ಮೇ 10, ವಿಧಾನಸಭಾ ಚುನಾವಣೆಯ ದಿನ. ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಶಾಲೆ. ಬೆಳಗಿನ ಐದೂವರೆಗೆ ಅಣಕು ಮತದಾನ, ಏಳಕ್ಕೆ ನಿಜವಾದದ್ದು. ಅಭ್ಯರ್ಥಿಯ ಪರವಾಗಿ ಮತಗಟ್ಟೆಯಲ್ಲಿ ಕೂರುವ ಏಜೆಂಟರ ಕೆಲಸ ಶುರುವಾಗುವುದು ಐದಕ್ಕೆ, ನೇಮಕದ ನಮೂನೆ 10 ಕೈಯಲ್ಲಿ ಹಿಡಿದು. ಅದಕ್ಕೆ ಅಭ್ಯರ್ಥಿಯೋ ಅವರ ಚುನಾವಣಾ ಏಜೆಂಟರೋ ಸಹಿ ಹಾಕಿರಬೇಕು, ಆ ಸಹಿ ಮತಗಟ್ಟೆ ಅಧಿಕಾರಿಯ ಹತ್ತಿರ ಇರುವ ಮಾದರಿಗೆ ಹೊಂದಬೇಕು. ಹಿಂದಿನ ರಾತ್ರಿ ಗಡಿಬಿಡಿಯಲ್ಲಿ ಯಾರೋ ಗೀಚಿಕೊಟ್ಟ ಸಹಿಯಿಂದ ಏಜೆಂಟ್ ಬಾಗಿಲಲ್ಲೇ ನಿಲ್ಲುವುದುಂಟು. ಲಕ್ಷ ಜನರ ಮೆರವಣಿಗೆ ನಡೆಸಿದ ಪಕ್ಷವೂ ಈ ಒಂದು ಹಾಳೆಯಲ್ಲಿ ಎಡವುತ್ತದೆ.

ಅಣಕು ಮತದಾನದಲ್ಲಿ ಕನಿಷ್ಠ 50 ಮತ ಒತ್ತಬೇಕು. ನೋಟಾ ಸೇರಿ ಎಲ್ಲ ಗುಂಡಿಗಳನ್ನೂ ಒತ್ತಿ, ಯಾರಿಗೆಷ್ಟು ಎಂದು ಬರೆದಿಟ್ಟುಕೊಂಡು, ಯಂತ್ರದ ಫಲಿತಾಂಶವನ್ನೂ ವಿವಿಪ್ಯಾಟ್ ಚೀಟಿಗಳನ್ನೂ ತಾಳೆ ನೋಡಬೇಕು. ಆಮೇಲೆ 'ಕ್ಲಿಯರ್' ಒತ್ತಿ ಸೊನ್ನೆ ತೋರಿಸಬೇಕು, ಚೀಟಿಗಳನ್ನು ಪೆಟ್ಟಿಗೆಯಿಂದ ತೆಗೆದು ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡಬೇಕು. ಈ ಎರಡರಲ್ಲಿ ಒಂದು ಮರೆತರೂ ಎಣಿಕೆಯ ದಿನ ಲೆಕ್ಕ ಕೂಡುವುದಿಲ್ಲ. ಸಮಯಕ್ಕೆ ಏಜೆಂಟರು ಬಾರದಿದ್ದರೆ ಅಧಿಕಾರಿ ಹದಿನೈದು ನಿಮಿಷ ಕಾಯುತ್ತಾರೆ, ಆಮೇಲೆ ಶುರು ಮಾಡುತ್ತಾರೆ. ಆದ್ದರಿಂದ ಕಾರ್ಯಕರ್ತರ ನಿಷ್ಠೆ ಅಳೆಯುವವರು ಬ್ಯಾನರ್ ಎಣಿಸದೆ, ಐದೂವರೆಗೆ ಯಾರು ಬಂದರು ಎಂದು ನೋಡಬೇಕು.

ಒಳಗೆ ಒಂದು ಸಲಕ್ಕೆ ಒಬ್ಬರೇ ಏಜೆಂಟ್, ಬದಲಿಗೆ ಇಬ್ಬರು ಹೊರಗೆ. ಫೋನ್ ಇಲ್ಲ. ಗುರುತು ಹಾಕಿದ ಮತದಾರರ ಪಟ್ಟಿ ಹೊರಗೆ ಹೋಗುವಂತಿಲ್ಲ. ಆಗಿನ ನಿಯಮದಂತೆ ಇನ್ನೂರು ಮೀಟರಿನಾಚೆ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡವರು ತಮ್ಮದೇ ಪಟ್ಟಿಯಲ್ಲಿ ಪ್ರತಿ ಮನೆಗೂ ಒಂದು ಗುರುತು ಇಟ್ಟಿದ್ದರು: ನಮ್ಮವರು, ಅವರವರು, ಅನುಮಾನ. ಅಂದು ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನಿಂದ ಬಂದ ಹುಡುಗರೆಲ್ಲ ಮತ ಹಾಕಿ, ಮಂಡಕ್ಕಿ ಮೆಣಸಿನಕಾಯಿ ತಿಂದು ವಾಪಸ್ ಬಸ್ಸಿಗೆ ನಿಂತಿದ್ದರು. ಅವರನ್ನು ಯಾವ ಕಾಲಂಗೆ ಹಾಕುವುದೆಂದು ಮೇಜಿನವರಿಗೆ ತಿಳಿಯಲಿಲ್ಲ. ಎಲ್ಲರನ್ನೂ 'ನಮ್ಮವರು' ಎಂದು ಬರೆದುಬಿಟ್ಟರು. ತಪ್ಪು ಹುಟ್ಟಿದ್ದು ಅಲ್ಲೇ.

ಆರಕ್ಕೆ ಗೇಟಿನೊಳಗೆ ಸಾಲಿನಲ್ಲಿದ್ದವರಿಗೆ ಕೊನೆಯವರಿಂದ ಮೊದಲ್ಗೊಂಡು ಚೀಟಿ ಕೊಟ್ಟರು. ಎಲ್ಲ ಮುಗಿದ ಮೇಲೆ ಯಂತ್ರದ ಒಟ್ಟು ಸಂಖ್ಯೆ, ಮತ ಹಾಕಿದವರನ್ನು ಬರೆಯುವ 17ಎ ರಿಜಿಸ್ಟರಿನ ಸಂಖ್ಯೆ ಎರಡೂ ನೋಡಿ, ಮತಗಳ ಲೆಕ್ಕದ ನಮೂನೆಯಾದ 17ಸಿಯ ನಕಲು ಸಹಿ ಮಾಡಿಸಿಕೊಂಡು ಹೊರಬರಬೇಕು. ಯಂತ್ರದ ಸಂಖ್ಯೆ, ಸೀಲಿನ ಸಂಖ್ಯೆ, ಒಟ್ಟು ಮತ ಎಲ್ಲ ಅದರಲ್ಲಿರುತ್ತವೆ. ದಣಿದ ಏಜೆಂಟರು ಅದನ್ನು ಬಿಟ್ಟು ಬರುತ್ತಾರೆ. ಬರಬಾರದು. ಎಣಿಕೆಯ ಮೇಜಿನಲ್ಲಿ ಇದೇ ಯಂತ್ರವೇ ಬಂತೇ ಎಂದು ಕೇಳಲು ಇರುವ ಆಧಾರ ಅದೊಂದೇ ಹಾಳೆ.

ರಾತ್ರಿ ಒಂಬತ್ತಕ್ಕೆ ಹೋಬಳಿ ಮುಖಂಡರ ತೋಟದ ಮನೆಯಲ್ಲಿ ಲೆಕ್ಕ. ನಾಯಕ ಮತ್ತು ಅನುಯಾಯಿಯ ಸಂಬಂಧ ಬೆತ್ತಲಾಗುವುದು ಈ ಹೊತ್ತಿನಲ್ಲಿ. ಪ್ರತಿ ಬೂತಿನವರೂ "ನೂರು ಲೀಡ್ ಐತಣ್ಣ" ಎನ್ನುತ್ತಾರೆ. ಕಡಿಮೆ ಹೇಳಿದರೆ 'ಮಾರಿಕೊಂಡ' ಎನ್ನುವ ಮಾತು ಬರುತ್ತದೆ, ನಾಳೆ ಪಂಚಾಯ್ತಿ ಟಿಕೆಟ್ ಕೇಳಲು ಮುಖವಿರುವುದಿಲ್ಲ. ಸುಳ್ಳಿನ ಉದ್ದೇಶ ಮೋಸವಲ್ಲ, ಭಯ. ಆ ಭಯ ಹುಟ್ಟಿಸಿದ್ದು ನಾಯಕರೇ.

ಆ ಮುಖಂಡರು ವಯಸ್ಸಾದವರು, ವಿಧಾನ ಬೇರೆಯಿತ್ತು. ಒಂದು ಬೂತಿನ ಮೂವರನ್ನು ಬೇರೆ ಬೇರೆ ಕೂರಿಸಿ ಕೇಳಿದರು: ಒಳಗೆ ಕೂತವರು, ಮೇಜಿನವರು, ಮನೆಮನೆಗೆ ಚೀಟಿ ಹಂಚಿದವರು. "ಮೊದ್ಲು ಕೆಟ್ಟದ್ದು ಹೇಳಪ್ಪ, ಒಳ್ಳೇದು ಹಂಗೇ ಇರ್ತದೆ" ಎಂದರು. ಮೂವರ ಅಂಕಿಗಳಲ್ಲಿ ಚಿಕ್ಕದನ್ನು ಹಿಡಿದರು. ಅನುಮಾನದ ಮತಗಳಲ್ಲಿ ಮೂರನೇ ಒಂದು ಭಾಗ ಮಾತ್ರ ನಮ್ಮದೆಂದು ಸೇರಿಸಿದರು, ಹೊರಗಿನಿಂದ ಬಂದ ಹುಡುಗರೆಲ್ಲರನ್ನೂ ಅನುಮಾನಕ್ಕೆ ಸರಿಸಿದರು. ನಮ್ಮ ಬೂತಿನ ನೂರರ ಲೀಡ್ ಕರಗಿ ಮೂವತ್ತರ ಹಿನ್ನಡೆಯಾಯಿತು.

ಹೊಸದುರ್ಗದವರಿಗೆ ಇಂಥ ಲೆಕ್ಕದ ಬೆಲೆ ಹಳೆಯದು. 1962ರಲ್ಲಿ, ಹಿಂದೆ ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪನವರೇ ಇಲ್ಲಿ ಸೋತರು. ಅವರ ಬದಲಿಗೆ ಅವರ ಅನುಯಾಯಿ ಎಸ್.ಆರ್. ಕಂಠಿ ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಗೆದ್ದು ಬಂದಾಗ, ಜೂನ್‌ನಲ್ಲಿ ಕಂಠಿ ಕುರ್ಚಿ ಬಿಟ್ಟುಕೊಟ್ಟರು. ಮೂರು ತಿಂಗಳ ಅಧಿಕಾರವನ್ನು ಹಾಗೆ ಮರಳಿಸಿದ ಅನುಯಾಯಿ ಅಪರೂಪ, ಸ್ವಂತ ಜಿಲ್ಲೆಯ ಮನಸ್ಸು ಕೈತಪ್ಪಿದ ನಾಯಕ ಅಪರೂಪವೇನಲ್ಲ.

ಈಗ ಸುಳ್ಳು ಮುಚ್ಚಿಡಲೂ ಆಗದು. ಮತಪತ್ರದ ಕಾಲದಲ್ಲಿ ಪೆಟ್ಟಿಗೆಗಳ ಮತ ಬೆರೆಸಿ ಎಣಿಸುವ ಅವಕಾಶವಿತ್ತು. ಮತಯಂತ್ರ ಬಂದ ಮೇಲೆ ಬೂತ್‌ವಾರು ಅಂಕಿ ಫಲಿತಾಂಶದ ಹಾಳೆಯಾದ ನಮೂನೆ 20ರಲ್ಲಿ ಬಹಿರಂಗವಾಗುತ್ತದೆ. ಹಲವು ಯಂತ್ರಗಳನ್ನು ಒಟ್ಟಿಗೆ ಎಣಿಸುವ 'ಟೋಟಲೈಸರ್' ಬೇಕೆಂದು ಚುನಾವಣಾ ಆಯೋಗ 2008ರಲ್ಲಿ ಪ್ರಸ್ತಾಪಿಸಿತು, ಕಾನೂನು ಆಯೋಗ 2015ರ ವರದಿಯಲ್ಲಿ ಬೆಂಬಲಿಸಿತು, ಕೇಂದ್ರ ಸರ್ಕಾರ ಒಪ್ಪಲಿಲ್ಲ. ಅದರ ಫಲ ಹಳ್ಳಿಗಳು ಉಣ್ಣುತ್ತಿವೆ. ಮತ ಹಾಕದ ಕೇರಿ ಯಾವುದೆಂದು ಗೆದ್ದವರಿಗೆ ಅಂಕಿ ಸಮೇತ ಗೊತ್ತು. ಚರಂಡಿ, ರಸ್ತೆ ಅದರ ಪ್ರಕಾರವೇ ಹರಿಯುವುದನ್ನು ಕಂಡಿದ್ದೇವೆ. ಟೋಟಲೈಸರ್ ಬರಬೇಕು, ಗುಟ್ಟಿನ ಮತ ಎನ್ನುವುದು ಒಬ್ಬ ಮನುಷ್ಯನಿಗೆ ಎಷ್ಟು ಮುಖ್ಯವೋ ಒಂದು ಕೇರಿಗೂ ಅಷ್ಟೇ ಮುಖ್ಯ.

13ರಂದು ಎಣಿಕೆ. 17ಸಿ ನಕಲಿನ ಸಂಖ್ಯೆಗಳು ಸರಿಹೊಂದಿದವು. ನಮ್ಮ ಬೂತಿನಲ್ಲಿ ಹಿನ್ನಡೆ ಐವತ್ತರ ಹತ್ತಿರ. ಮುಖಂಡರು ಮೂವತ್ತು ಎಂದಿದ್ದರು, ಮೇಲಿನ ಆಫೀಸಿನ ಪಟ್ಟಿಯಲ್ಲಿ ಇನ್ನೂ ನೂರರ ಲೀಡ್ ಎಂದೇ ಇತ್ತು.

ನಾಲ್ಕು ದಿನ ಬಿಟ್ಟು ಆ ಮುಖಂಡರು ಊರಿಗೆ ಬಂದರು. ಕಾರ್ಯಕರ್ತರ ಮನೆಗೆ ಹೋಗಲಿಲ್ಲ, ನಮ್ಮ ಕಡೆ ಮತ ಬೀಳದ ಕೇರಿಗೆ ನಡೆದರು. ಅಲ್ಲಿ ಕುಡಿಯುವ ನೀರಿನ ಪೈಪು ಅರ್ಧಕ್ಕೆ ನಿಂತಿದ್ದು ಮಾರ್ಚ್‌ನಿಂದಲೇ ಮೇಜಿನವರಿಗೆ ಗೊತ್ತಿತ್ತು, ಯಾರೂ ಮೇಲೆ ಹೇಳಿರಲಿಲ್ಲ. "ಎಲ್ಲಿಗೆ ನಿಂತೈತವ್ವ?" ಎಂದು ಕೇಳಿದರು. ಕೊಡ ಕಂಕುಳಲ್ಲಿದ್ದ ಒಬ್ಬ ಹೆಂಗಸು ಬೇವಿನ ಮರದ ಬುಡ ತೋರಿಸಿದಳು. ಅವರು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು.