ಮೊದಲ ದಿನವೇ ಎಲ್ಲಾ ಹೇಳಬೇಕಾಗಿಲ್ಲ

ಹೊಸನಗರದ ಕಡೆ ಇರುವ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಅವಳ ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ದಿದೆ. ಏನು ಅಂತ ಇಲ್ಲಿ ಬರೆಯುವುದಿಲ್ಲ, ಅದು ಅವಳದ್ದು. ಕೌನ್ಸೆಲಿಂಗ್‌ಗೆ ಹೋಗುವ ಮನಸ್ಸಿದೆ. ತಡೆಯುತ್ತಿರುವುದು ಒಂದೇ ಪ್ರಶ್ನೆ. "ಅಕ್ಕಾ, ಹೋದ ಕೂಡಲೇ ಆವತ್ತು ಏನಾಯ್ತು ಅಂತ ಮೊದಲಿಂದ ಕೊನೆವರೆಗೂ ಹೇಳಿಸ್ತಾರಾ?"

ಇಲ್ಲ. ಹೇಳಿಸಬಾರದು ಕೂಡ. ಇದೇ ಹೆದರಿಕೆಯಿಂದ ಮನೆಯಲ್ಲೇ ಕೂತವರು ಇನ್ನೂ ಇರಬಹುದು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ವಿಷಯ ಚುಟುಕಾಗಿ ಹೇಳುತ್ತೇನೆ. ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಒಂದು ಮಳೆಗಾಲ, ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತಿದ್ದ ಕೊನೆಗಾರರು ನನ್ನ ಕಣ್ಣೆದುರೇ ಬಿದ್ದು ತೀರಿಕೊಂಡರು. ನಾನು ಕೆಲಸದವರಿಗೆ ಚಹಾ ತಗೊಂಡು ಹೋಗಿದ್ದೆ. ಇಷ್ಟು ಸಾಕು.

ಆಮೇಲೆ ಸೋಗೆ ಕಳಚಿ ಬಿದ್ದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು. ತೋಟದ ಮನೆಯಲ್ಲಿ ಸೋಗೆ ಬೀಳುತ್ತಲೇ ಇರುತ್ತದೆ ಅಲ್ವಾ? ಔಷಧಿಗೆಂದು ಮೈಲುತುತ್ತ, ಸುಣ್ಣ ಕಲಸುವುದನ್ನು ನೋಡಿದರೆ ಕೈ ನಡುಗುತ್ತಿತ್ತು. ರಾತ್ರಿ ನಿದ್ದೆ ಇಲ್ಲ. "ಅವನೇನು ನಿಮ್ಮ ಮನೆಯವನಾ, ನಿನಗ್ಯಾಕೆ ಇಷ್ಟು?" ಅಂತ ಕೇಳಿದವರೂ ಇದ್ದರು. ಆ ಮಾತು ತುಂಬಾ ನೋವು ಕೊಟ್ಟಿತು. ವರ್ಷಗಟ್ಟಲೆ ನಮ್ಮ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿದ ಮನುಷ್ಯ ಅವರು.

ಶಿವಮೊಗ್ಗದಲ್ಲಿ ನನ್ನನ್ನು ನೋಡಿದ ಮೇಡಂ ಹಾಗೆ ಕೇಳಲಿಲ್ಲ. ಕಣ್ಣಾರೆ ಕಂಡವರಿಗೂ ಇದು ಆಗುತ್ತದೆ ಎಂದರು. ಇದಕ್ಕೆ ಪಿಟಿಎಸ್‌ಡಿ ಎನ್ನುತ್ತಾರೆ, ದೊಡ್ಡ ಆಘಾತದ ನಂತರ ಕಾಡುವ ಮನಸ್ಸಿನ ಕಾಯಿಲೆ. ಆ ಹೆಸರು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಗೆ ಸೇರಿದ್ದು 1980ರಲ್ಲಿ. ಈಗ ಅದರ ಪ್ರಕಾರ ತನಗೇ ಆದದ್ದಷ್ಟೇ ಅಲ್ಲ, ಎದುರಿಗೆ ನಿಂತು ನೋಡಿದ್ದೂ ಲೆಕ್ಕಕ್ಕೆ ಬರುತ್ತದೆ. ಪೆಟ್ಟು ಬಿದ್ದವರಿಗೆಲ್ಲ ಈ ಕಾಯಿಲೆ ಬರುತ್ತದೆ ಎಂದೇನಿಲ್ಲ. ಸುಮಾರು ಜನ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ತಿಂಗಳು ದಾಟಿದರೂ ಕಡಿಮೆಯಾಗದಿದ್ದರೆ ತೋರಿಸಲೇಬೇಕು.

ಮೊದಲ ಭೇಟಿಯಲ್ಲಿ ಪ್ರಶ್ನೆಗಳೇ ಜಾಸ್ತಿ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಯಾವ ಮಾತ್ರೆ ತಗೊಳ್ಳುತ್ತೀರಿ, ಮನೆಯಲ್ಲಿ ಯಾರ ಭಯವೂ ಇಲ್ಲವಲ್ಲ, ಸಾಯಬೇಕು ಅನಿಸಿದ್ದುಂಟಾ. ಕೊನೆಯದನ್ನು ಎಲ್ಲರಿಗೂ ಕೇಳುತ್ತಾರೆ, ಗಾಬರಿ ಬೇಡ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಒಂದು ಹಾಳೆಯಲ್ಲಿ 20 ಪ್ರಶ್ನೆ ಕೊಡಬಹುದು. ಕಳೆದ ಒಂದು ತಿಂಗಳಲ್ಲಿ ಯಾವುದು ಎಷ್ಟು ಕಾಡಿತು ಅಂತ 0ಯಿಂದ 4ರವರೆಗೆ ಗುರುತು ಹಾಕುವುದು. ಅದು ಪಾಸು ಫೇಲಿನ ಪರೀಕ್ಷೆ ಅಲ್ಲ. ಕೆಲವು ವಾರ ಬಿಟ್ಟು ಮತ್ತೆ ಕೊಟ್ಟಾಗ ಎಷ್ಟು ಇಳಿದಿದೆ ಅಂತ ನೋಡಲು ಬೇಕು.

ಆವತ್ತಿನ ಘಟನೆಯನ್ನು ಮೇಡಂ ಒಂದೇ ಸಾಲಿನಲ್ಲಿ ಹೇಳಿ ಎಂದರು. "ನಮ್ಮ ತೋಟದಲ್ಲಿ ಒಬ್ಬರು ಬಿದ್ದು ಹೋದರು" ಎಂದೆ. ಅಷ್ಟಕ್ಕೇ ನಿಲ್ಲಿಸಿದರು.

ಆಮೇಲೆ ಕೆಲವು ವಾರ ಆ ದಿನದ ಮಾತೇ ಇಲ್ಲ. ಮೈ ಯಾಕೆ ಹಾಗೆ ನಡುಗುತ್ತದೆ ಅಂತ ತಿಳಿಸಿದರು. ಅಪಾಯ ಮುಗಿದಿದೆ ಅಂತ ತಲೆಗೆ ಗೊತ್ತು, ಮೈಗೆ ಇನ್ನೂ ಗೊತ್ತಾಗಿಲ್ಲ, ಅದಕ್ಕೇ ಸಣ್ಣ ಸದ್ದಿಗೂ ಓಡಲು ಸಜ್ಜಾಗುತ್ತದೆ. ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದನ್ನು ಕಲಿಸಿದರು. ಎದೆ ಹೊಡೆದುಕೊಂಡಾಗ ಕಣ್ಣಿಗೆ ಕಾಣುವ ಐದು ವಸ್ತುವಿನ ಹೆಸರು ಹೇಳಿ, ಕೈಗೆ ಸಿಗುವ ನಾಲ್ಕನ್ನು ಮುಟ್ಟಿ ಎಂದರು. ನನಗೆ ಹೆಚ್ಚು ಒದಗಿದ್ದು ನಡುಮನೆಯ ಕೆಂಪು ಗಾರೆ ನೆಲ. ಬರಿಗಾಲಲ್ಲಿ ನಿಂತರೆ ತಣ್ಣಗೆ ಅಂಗಾಲಿಗೆ ತಾಗುತ್ತದೆ. ಈಗ ಇಲ್ಲಿದ್ದೇನೆ, ತೋಟದಲ್ಲಿಲ್ಲ ಅಂತ ಮೈಗೆ ತಿಳಿಯುತ್ತದೆ. ಇದನ್ನೆಲ್ಲ ಸುಮ್ನೆ ಕಾಲ ಕಳೆಯಲು ಮಾಡಿಸುತ್ತಾರೆ ಅಂದುಕೊಳ್ಳಬೇಡಿ. ಈಜು ಬಾರದವರನ್ನು ಮಳೆಗಾಲದ ತುಂಗೆಗೆ ಯಾರೂ ಇಳಿಸುವುದಿಲ್ಲ.

ಸಿಗಂದೂರಿಗೆ ಹೋಗಿ ಬರಬಹುದಾ ಅಂತಲೂ ಕೇಳಿದ್ದೆ. ಅತ್ತೆಗೆ ಹರಕೆ ಇತ್ತು. "ಖಂಡಿತ ಹೋಗಿ ಬನ್ನಿ, ಇದನ್ನೂ ಬಿಡಬೇಡಿ" ಎಂದರು. ಎರಡರಲ್ಲಿ ಒಂದನ್ನೇ ಆರಿಸಬೇಕಾಗಿಲ್ಲ.

ನೆನಪಿನ ಹತ್ತಿರ ಹೋಗುವ ಕೆಲಸಕ್ಕೆ ದಾರಿಗಳು ಬೇರೆ ಬೇರೆ. ಸಿಪಿಟಿ ಎಂಬ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ 12 ಭೇಟಿ. ಅಲ್ಲಿ "ನಾನು ಆಗಲೇ ಕೂಗಿದ್ದರೆ ಉಳಿಯುತ್ತಿದ್ದರು" ಎಂಬಂಥ ಯೋಚನೆಗಳನ್ನು ಬರೆದು, ಅದು ನಿಜವಾ ಅಂತ ಒಂದೊಂದಾಗಿ ಪರೀಕ್ಷಿಸುತ್ತಾರೆ. ಇಎಂಡಿಆರ್ ಎಂಬ ಇನ್ನೊಂದರಲ್ಲಿ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು, ಚಿಕಿತ್ಸೆ ಕೊಡುವವರ ಬೆರಳು ಆಚೀಚೆ ಆಡಿದ ಹಾಗೆ ಕಣ್ಣು ಆಡಿಸುತ್ತೀರಿ. ಎಲ್ಲವನ್ನೂ ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಮಾಡಿದ್ದು ಎಕ್ಸ್‌ಪೋಷರ್, ಅಂದರೆ ಭಯವನ್ನು ಮೆಲ್ಲಮೆಲ್ಲಗೆ ಎದುರಿಸುವುದು. ಭಯ ಹುಟ್ಟಿಸುವುದನ್ನೆಲ್ಲ ಪಟ್ಟಿ ಮಾಡಿ, ಒಂದೊಂದಕ್ಕೂ 0ಯಿಂದ 100ರೊಳಗೆ ಅಂಕ ಕೊಟ್ಟೆವು. ತೋಟದ ಫೋಟೋ ನೋಡುವುದಕ್ಕೆ ಕಡಿಮೆ ಅಂಕ. ಬೇಲಿ ಹತ್ತಿರ ನಿಲ್ಲುವುದಕ್ಕೆ ಅದಕ್ಕಿಂತ ಜಾಸ್ತಿ. ಆ ಮರದ ಬುಡಕ್ಕೆ 100. ಕೆಳಗಿನಿಂದ ಶುರು. ಬೇಲಿ ಹತ್ತಿರ ನಿಂತಾಗ ಓಡಿ ಬರಬಾರದು, ನಡುಕ ತಾನಾಗಿ ಇಳಿಯುವವರೆಗೂ ನಿಲ್ಲಬೇಕು. ಇಳಿಯುತ್ತದೆ. ನನಗೂ ನಂಬಿಕೆ ಇರಲಿಲ್ಲ, ಆದರೆ ಇಳಿಯುತ್ತದೆ.

ಇನ್ನೊಂದು ಮಾತು ಮೊದಲೇ ಗೊತ್ತಿರಲಿ. ಮಧ್ಯದಲ್ಲಿ ಕೆಲವು ದಿನ ಮೊದಲಿಗಿಂತ ಕೆಟ್ಟದಾಗಿ ಅನಿಸಬಹುದು. ಕನಸು ಹೆಚ್ಚುತ್ತದೆ, ಮಕ್ಕಳ ಮೇಲೆ ರೇಗುತ್ತೇವೆ, ಮೈ ಭಾರ. ಎಷ್ಟೋ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ಬಿಡುವ ಮೊದಲು ಅದನ್ನೇ ಹೋಗಿ ಹೇಳಿ, ವೇಗ ಕಡಿಮೆ ಮಾಡುತ್ತಾರೆ. ಭೇಟಿ ಮುಗಿದ ಸಂಜೆ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ. ಗಾಜನೂರು, ಮಂಡಗದ್ದೆ ದಾಟಿ ಬರುವ ಬಸ್ಸಿನಲ್ಲಿ ನಾನು ಯಾರ ಹತ್ತಿರವೂ ಮಾತಾಡದೆ ಕಿಟಕಿ ಪಕ್ಕ ಕೂರುತ್ತಿದ್ದೆ. ಆ ಹೊತ್ತು ನನಗೆ ಬೇಕಿತ್ತು. ಮಳೆ ಜೋರಾದಾಗ ಫೋನ್‌ನಲ್ಲೂ ಮಾತಾಡಿದ್ದೇವೆ. ಆದರೆ ತುಂಬಿದ ಮನೆಯಲ್ಲಿ ಗುಟ್ಟಾಗಿ ಮಾತಾಡುವುದು ಎಲ್ಲಿ? ನೆಟ್‌ವರ್ಕ್ ಬೇರೆ ಸಿಗುವುದಿಲ್ಲ. ಆಗುವುದಾದರೆ ಹೋಗಿಯೇ ಮಾತಾಡಿ.

ಹೇಳಿದ್ದು ಊರಿಗೆಲ್ಲ ಗೊತ್ತಾಗುತ್ತಾ ಎಂಬ ಭಯ ನಮ್ಮ ಕಡೆ ದೊಡ್ಡದು. ಗುಟ್ಟು ಕಾಪಾಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಜೀವಕ್ಕೆ ಅಪಾಯ ಇದ್ದಾಗ, 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆದಾಗ, ಹೀಗೆ ಕೆಲವು ಸಂದರ್ಭಗಳಲ್ಲಿ ಚಿಕಿತ್ಸೆ ಕೊಡುವವರು ಸುಮ್ಮನಿರುವ ಹಾಗಿಲ್ಲ. ಇಂಥ ವಿನಾಯಿತಿಗಳು ಯಾವುವು ಅಂತ ಮೊದಲ ದಿನವೇ ಕೇಳಿಕೊಳ್ಳಿ. ಟ್ರಾಮಾ, ಅಂದರೆ ಮನಸ್ಸಿನ ಆಘಾತದ ಚಿಕಿತ್ಸೆಯಲ್ಲಿ ಯಾವ ತರಬೇತಿ ಆಗಿದೆ ಅಂತಲೂ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಇರಬೇಕು. ಮಾತ್ರೆ ಬರೆಯುವುದು ಮನೋವೈದ್ಯರ ಕೆಲಸ, ಕೌನ್ಸೆಲರ್ ಬರೆಯುವ ಹಾಗಿಲ್ಲ. ಕೇಳಿದ್ದಕ್ಕೆ ಸಿಡುಕಿದರೆ ಬೇರೆಯವರನ್ನು ಹುಡುಕಿ.

ಮನೋವೈದ್ಯ ಡಾ. ಅಶೋಕ್ ಪೈ ಅವರಂಥವರು ಮನಸ್ಸಿನ ಕಾಯಿಲೆ ಬಗ್ಗೆ ಕನ್ನಡದಲ್ಲೇ ಬರೆದು ತಿಳಿಸಿದ ಊರು ಶಿವಮೊಗ್ಗ. ಇಲ್ಲಿ ಹುಡುಕಿದರೆ ಸಹಾಯ ಸಿಗುತ್ತದೆ. ದುಡ್ಡಿನ ತೊಂದರೆ ಇದ್ದರೆ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ ಇದೆ. ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಮನೆಯವರಲ್ಲೂ ಒಂದು ಕೋರಿಕೆ. ಕೌನ್ಸೆಲಿಂಗ್‌ಗೆ ಹೋದವರು ವಾಪಸ್ ಬಂದ ಕೂಡಲೇ "ಏನು ಕೇಳಿದ್ರು, ನೀನೇನು ಹೇಳಿದೆ?" ಅಂತ ಶುರು ಮಾಡಬೇಡಿ. ನಮ್ಮನೆಯವರು ಆ ದಿನಗಳಲ್ಲಿ ರಾತ್ರಿ ಅಡುಗೆ ತಾವೇ ನೋಡಿಕೊಳ್ಳುತ್ತಿದ್ದರು, ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ನನಗೆ ಹೇಳಬೇಕು ಅನಿಸಿದಾಗ ನಾನೇ ಹೇಳಿದೆ.